ಕೃಷ್ಣನ ಹರಾಜು

ಎಲ್ಲಕ್ಕೂ ಮೂಲ ಒಂದು ಹೆಂಚು. ಅರಸೀಕೆರೆಯ ಶಾರದಾ ನಾಟಕಶಾಲೆಯ ಸೂರಿನಿಂದ ಕಳಚಿಕೊಂಡ ಅದು ಬರೀ ನೆಲದ ಮೇಲೆ ಬಿದ್ದಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅಲ್ಲಿ ಹೆಂಚು ಬೀಳುವುದು ಊರಿಗೆ ರೂಢಿಯಾಗಿಹೋಗಿತ್ತು. ಆದರೆ ಈ ಹೆಂಚು ನಾಟಕ ಸಂಘದ ಅಧ್ಯಕ್ಷ ನಂಜುಂಡಯ್ಯನವರ ಉಪ್ಪಿಟ್ಟಿನ ತಟ್ಟೆಗೇ ಬಂದು ಬಿತ್ತು. ತಟ್ಟೆ ಹೋಯಿತು, ಉಪ್ಪಿಟ್ಟು ಹೋಯಿತು, ಅಧ್ಯಕ್ಷರು ಮಾತ್ರ ಉಳಿದರು. ಮಳೆಗಾಲದೊಳಗೆ ಸೂರು ಸರಿಮಾಡಿಸಲೇಬೇಕೆಂದು ಅವರು ಅಂದೇ ಹಟ ಹಿಡಿದರು.

ರೈಲು ಬಂದ ಕಾಲದಲ್ಲಿ ತೆಂಗಿನಕಾಯಿ ವರ್ತಕರು ಚಂದಾ ಎತ್ತಿ ಕಟ್ಟಿಸಿದ ನಾಟಕಶಾಲೆ ಅದು. ರೈಲಿಳಿದ ಕಂಪನಿಗಳೆಲ್ಲ ಅಲ್ಲಿ ತಿಂಗಳುಗಟ್ಟಲೆ ಬಿಡಾರ ಹೂಡಿ ಆಡಿ ಹೋಗಿದ್ದವು. ಸ್ವರಾಜ್ಯ ಬಂದು ಹತ್ತು ವರ್ಷವಾಗುವ ಹೊತ್ತಿಗೆ ಅಲ್ಲಿ ಪಾರಿವಾಳಗಳು ಬಿಡಾರ ಹೂಡಿದ್ದವು. ಸೂರು ನಾನೇ ಹೊದಿಸಿಕೊಳ್ಳುತ್ತೇನೆ, ಕಟ್ಟಡ ನನಗೆ ಗೋದಾಮಿಗೆ ಬಿಟ್ಟುಕೊಡಿ ಎಂದು ಕೊಬ್ಬರಿ ಮಂಡಿಯ ಸಿದ್ದಬಸಪ್ಪನವರು ಕಂಡಾಗಲೆಲ್ಲ ಕೇಳುತ್ತಿದ್ದರು. ಬೇಡ ಎನ್ನಲು ಸಂಘದವರಿಗೆ ಬಾಯಿತ್ತೇ ಹೊರತು ಗಂಟಿರಲಿಲ್ಲ.

ಚಂದಾ ಎತ್ತಲು ಹೊರಟರೆ ಊರು ಎದುರಿಗೆ ಬಂದವರನ್ನೂ ಗುರುತು ಹಿಡಿಯದಂತಾಯಿತು. ಕೊನೆಗೆ ಒಂದು ಉಪಾಯ ಹೊಳೆಯಿತು. ನಮ್ಮ ಕಡೆ ಪೌರಾಣಿಕ ನಾಟಕ ಆಡುವವರಿಗೆ ಯಾರೂ ಸಂಬಳ ಕೊಡುವುದಿಲ್ಲ. ಆಡುವವನೇ ದುಡ್ಡು ತೆತ್ತು ಪಾತ್ರ ತೆಗೆದುಕೊಳ್ಳಬೇಕು. ದೂತನಿಗೆ ಕಡಿಮೆ, ದುರ್ಯೋಧನನಿಗೆ ಜಾಸ್ತಿ, ಕೃಷ್ಣನಿಗೆ ಎಲ್ಲರಿಗಿಂತ ಜಾಸ್ತಿ. ಚಂದಾ ಎಂದರೆ ಬಾಗಿಲು ಹಾಕಿಕೊಳ್ಳುವ ಮನುಷ್ಯ ಕಿರೀಟ ಎಂದರೆ ಗಾಡಿ ಕಟ್ಟಿಕೊಂಡು ಬರುತ್ತಾನೆ. ಹಾಗಾಗಿ ಪಾಂಡವ ಕೌರವರ ಪಾತ್ರಗಳನ್ನೆಲ್ಲ ಭಾನುವಾರ ಹರಾಜು ಹಾಕುವುದೆಂದಾಯಿತು. ಕೈಯಲ್ಲಿ ರೊಕ್ಕವಿಲ್ಲದಿದ್ದರೂ ಎಲ್ಲರ ಅಟ್ಟದಲ್ಲೂ ಕೊಬ್ಬರಿ ಇದ್ದೇ ಇರುವ ಊರಾದ್ದರಿಂದ ಕೂಗು ಕೊಬ್ಬರಿ ಮೂಟೆಯ ಲೆಕ್ಕದಲ್ಲಿ. ಹರಾಜು ನಡೆಸುವ ಕೆಲಸ ಸಂಘದ ಕಾರ್ಯದರ್ಶಿ ಅನಂತಸ್ವಾಮಿಯ ಕೊರಳಿಗೆ ಬಿತ್ತು.

ಅನಂತಸ್ವಾಮಿ ಅಮಲ್ದಾರರ ಕಚೇರಿಯಲ್ಲಿ ಗುಮಾಸ್ತ. ನಾಟಕಶಾಲೆಯಲ್ಲಿ ಅವನ ಜಾಗ ಪಕ್ಕದ ಪರದೆಯ ಮರೆ. ಮಾತು ಮರೆತವರಿಗೆ ಅಲ್ಲಿಂದ ಪಿಸುಗುಟ್ಟುವುದು ಅವನ ಕೆಲಸ. ಊರಿನ ಕೃಷ್ಣರೆಲ್ಲ ಅವನ ಪಿಸುಮಾತು ಹಿಡಿದುಕೊಂಡೇ ಚಪ್ಪಾಳೆ ಗಿಟ್ಟಿಸಿದ್ದರು. ಒಂದೇ ಒಂದು ಸಲ ತಾನೇ ಕಿರೀಟವಿಟ್ಟು ಆ ರಂಗದ ಮೇಲೆ ನಿಲ್ಲಬೇಕೆಂಬುದು ಅವನ ಜೀವದ ಆಸೆ. ಹರಾಜು ಸೋತು ನಾಟಕಶಾಲೆ ಗೋದಾಮಾಗಿಬಿಟ್ಟರೆ ಆಮೇಲೆ ಕಿರೀಟವಿಟ್ಟು ಕೊಬ್ಬರಿಗೆ ಉಪದೇಶ ಮಾಡಬೇಕಷ್ಟೆ. ಹಾಗಾಗಿ ಅವನ ಪಾಲಿಗೆ ಇದೇ ಮೊದಲನೆಯ ಅವಕಾಶ, ಇದೇ ಕೊನೆಯದೂ.

ಹರಾಜು ಕೂಗುವವನೇ ಸವಾಲು ಹಾಕಿದರೆ ಜನ ಸುಮ್ಮನಿರುವುದಿಲ್ಲ. ಅದಕ್ಕೆ ಗೆಳೆಯ ಇಂದುಧರ ಮೇಷ್ಟರನ್ನು ಗುಟ್ಟಾಗಿ ಒಪ್ಪಿಸಿದ್ದ. ತಾನು ಕನ್ನಡಕ ಮುಟ್ಟಿಕೊಂಡರೆ ಮೇಷ್ಟರು ಒಂದು ಮೂಟೆ ಏರಿಸಬೇಕು. ಅನಂತಸ್ವಾಮಿಯ ಅಟ್ಟದಲ್ಲಿದ್ದದ್ದು ಹತ್ತು ಮೂಟೆಯಾಗುವಷ್ಟು ಕೊಬ್ಬರಿ. ಅದೂ ಹೆಂಡತಿ ಆಂಡಾಳ್‌ಗೆ ಹಗರೆಯ ಅವಳ ಅಪ್ಪ ಕೊಟ್ಟ ತೆಂಗಿನ ಮರಗಳ ಫಲ. ಅವಳಿಗೆ ಆಮೇಲೆ ಹೇಳಿದರಾಯಿತು ಎಂದುಕೊಂಡಿದ್ದ. ಅವತ್ತು ಬೆಳಿಗ್ಗೆ ಕಾಫಿ ಕೊಡುತ್ತಾ, ಕೃಷ್ಣ ಎಷ್ಟಕ್ಕೆ ಹೋಗಬಹುದು ಎಂದು ಅವಳೇ ಕೇಳಿದಾಗ ಅವನಿಗೆ ಕಾಫಿ ನೆತ್ತಿಗೇರಿತು. ಯಾರೋ ದೊಡ್ಡವರು ತಗೋತಾರೆ, ನಮಗ್ಯಾಕೆ ಎಂದು ಲೋಟ ಇಟ್ಟು ಹೊರಟುಬಿಟ್ಟ.

ನಾಟಕಶಾಲೆ ಕಿಕ್ಕಿರಿದಿತ್ತು. ಭೀಮನಿಗೆ ಇಬ್ಬರು ಭಾವಮೈದುನರು ಜಿದ್ದಿಗೆ ಬಿದ್ದರು. ಸೋತವನು ಗೆದ್ದವನ ಅಕ್ಕನನ್ನು ಮನೆಗೆ ಕರೆದುಕೊಂಡು ಹೋಗುವುದಿಲ್ಲ ಎಂದ. ಶಕುನಿಯನ್ನು ಸೊಸೈಟಿಯ ಸೆಕ್ರೆಟರಿ ತೆಗೆದುಕೊಂಡಾಗ ಯಾರಿಗೂ ಆಶ್ಚರ್ಯವಾಗಲಿಲ್ಲ. ಸಿದ್ದಬಸಪ್ಪನವರು ಮುಂದಿನ ಬೆಂಚಿನಲ್ಲಿ ಎಲೆಯಡಿಕೆ ಮೆಲ್ಲುತ್ತಾ ಒಂದು ಮಾತೂ ಆಡದೆ ಕೂತಿದ್ದರು. ಅವರು ಸುಮ್ಮನಿದ್ದಷ್ಟೂ ಅನಂತಸ್ವಾಮಿ ಅವರ ಕಡೆಗೇ ಓರೆಗಣ್ಣು ಹಾಯಿಸುತ್ತಿದ್ದ.

ಕೊನೆಗೆ ಕೃಷ್ಣನ ಸರದಿ ಬಂತು. ನಾಲ್ಕೈದು ಜನ ಕೂಗಿ, ಐದು ಮೂಟೆಯಾದ ಮೇಲೆ ಒಬ್ಬೊಬ್ಬರಾಗಿ ಜಾರಿಕೊಂಡರು. ಅನಂತಸ್ವಾಮಿ ಕನ್ನಡಕ ಮುಟ್ಟಿಕೊಂಡ. ಮೇಷ್ಟರು ಆರು ಎಂದರು. ಒಂದನೇ ಸಾರಿ, ಎರಡನೇ ಸಾರಿ ಎಂದು ಕೂಗಿ ಮೂರನೆಯದಕ್ಕೆ ಬಾಯಿ ತೆರೆದಿದ್ದ. ಹಿಂದಿನ ಬಾಗಿಲ ಹತ್ತಿರದಿಂದ ಒಂದು ಹೆಣ್ಣುದನಿ ಬಂತು.

"ಏಳು."

ಇಡೀ ಶಾಲೆ ಕತ್ತು ತಿರುಗಿಸಿತು. ಅಲ್ಲಿ ನಿಂತಿದ್ದವಳು ಹಾಲಿನ ಬೋರಮ್ಮ. ಕಂಕುಳಲ್ಲಿ ಖಾಲಿ ಹಾಲಿನ ಬಿಂದಿಗೆ ಬೇರೆ. ಅಧ್ಯಕ್ಷರಿಗೆ ಗರಬಡಿದಂತಾಯಿತು. ಇದು ಕೃಷ್ಣನ ಪಾತ್ರ ಕಣಮ್ಮ, ಯಾರ ಪರವಾಗಿ ಕೂಗುತ್ತಿದ್ದೀಯ ಎಂದು ಅವರು ಕೇಳಿದರು.

"ಯಾರ ಪರ ಆದ್ರೇನು ಬುದ್ಧಿ? ಮೂಟೆ ಬತ್ತವೆ, ನಿಮಗೆ ಸೂರಾಯ್ತದೆ," ಎಂದಳು ಬೋರಮ್ಮ.

ಹೆಣ್ಣು ಕೂಗಬಾರದೆಂದು ಸಂಘದ ನಿಬಂಧನೆಯಲ್ಲಿ ಎಲ್ಲೂ ಬರೆದಿರಲಿಲ್ಲ. ಇಂಥದ್ದೊಂದು ನಡೆಯಬಹುದೆಂದು ಬರೆದವರಿಗೆ ಕನಸಿನಲ್ಲೂ ಹೊಳೆದಿರಲಿಲ್ಲ. ಮೇಷ್ಟರು ಎಂಟು ಎಂದರು. ಬೋರಮ್ಮ ಬಾಗಿಲಾಚೆ ಹೋಗಿ ಯಾರನ್ನೋ ಕೇಳಿಕೊಂಡು ಬಂದು ಒಂಬತ್ತು ಎಂದಳು. ಆಗ ಅನಂತಸ್ವಾಮಿಗೆ ಎಲ್ಲ ನಿಚ್ಚಳವಾಯಿತು. ಬೋರಮ್ಮ ಹಾಲು ಹಾಕುವ ದೊಡ್ಡ ಮನೆ ಸಿದ್ದಬಸಪ್ಪನವರದು. ಮುಖ ತೋರಿಸದೆ ಕೃಷ್ಣನನ್ನು ಕೊಂಡು, ನಾಟಕದ ದಿನ ಬರದೆ ಕೈಕೊಟ್ಟು, ಸಂಘದ ಮಾನ ತೆಗೆದು ಗೋದಾಮು ಮಾಡಿಕೊಳ್ಳುವ ಹಂಚಿಕೆ. ಆಚೆ ನಿಂತವನು ಮಂಡಿಯ ಗುಮಾಸ್ತನೇ ಇರಬೇಕು.

ಅನಂತಸ್ವಾಮಿ ಹಲ್ಲು ಕಚ್ಚಿಕೊಂಡು ಕನ್ನಡಕ ಮುಟ್ಟಿದ. ಮೇಷ್ಟರು ಹತ್ತು ಎಂದರು. ಅಟ್ಟ ಅಲ್ಲಿಗೆ ಬರಿದು. ಇನ್ನು ದೇವರೇ ಗತಿ ಎಂದು ಮಾಲೇಕಲ್ಲು ತಿಮ್ಮಪ್ಪನನ್ನು ನೆನೆಯುತ್ತಿದ್ದ ಹಾಗೇ ಬೋರಮ್ಮ ಹನ್ನೊಂದು ಎಂದಳು. ಆ ಆಘಾತಕ್ಕೆ ಹಣೆಯಲ್ಲಿ ಬೆವರು ಕಿತ್ತುಬಂತು. ಒರೆಸಿಕೊಳ್ಳಲು ಹೋದ ಕೈ ಕನ್ನಡಕಕ್ಕೆ ತಗುಲಿತು. ಮೇಷ್ಟರು ತಡಮಾಡದೆ ಹನ್ನೆರಡು ಎಂದರು.

ಅನಂತಸ್ವಾಮಿಯ ಕಾಲಡಿಯ ಹಲಗೆಯೇ ಕುಸಿದಂತಾಯಿತು. ಇಲ್ಲದ ಕೊಬ್ಬರಿಯನ್ನು ಎಲ್ಲಿಂದ ತರುವುದು? ಮೇಷ್ಟರಿಗೆ ಕಣ್ಣು ಸನ್ನೆ ಮಾಡಿದ. ಅವರು ಮೆಚ್ಚುಗೆಯೆಂದು ತಿಳಿದು ನಕ್ಕರು. ಒಂದನೇ ಸಾರಿ ಎನ್ನುವಾಗ ಅವನ ದನಿ ಅವನಿಗೇ ಕೇಳಿಸಲಿಲ್ಲ. ಎರಡನೇ ಸಾರಿಯನ್ನು ಎಷ್ಟು ಎಳೆದನೆಂದರೆ ಅಧ್ಯಕ್ಷರು ಎದ್ದು ಬಂದು, ಮೈಗೆ ಹುಷಾರಿಲ್ಲವೇ ಎಂದು ಕೇಳಿದರು. ಅಷ್ಟರಲ್ಲಿ ಬಾಗಿಲಾಚೆಯಿಂದ ಓಡುತ್ತಾ ಬಂದ ಬೋರಮ್ಮ ಹದಿಮೂರು ಎಂದಳು. ಹೋದ ಜೀವ ಬಂತು.

ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಕೃಷ್ಣ ಕೈತಪ್ಪಿದ ಹೊಟ್ಟೆಯುರಿ ಮನುಷ್ಯನನ್ನು ಸುಮ್ಮನಿರಗೊಡುವುದಿಲ್ಲ. ನನಗಂತೂ ಸಿಗಲಿಲ್ಲ, ಕೊಂಡವನ ಅಟ್ಟವಾದರೂ ಚೆನ್ನಾಗಿ ಬರಿದಾಗಲಿ, ಸೂರಿಗೆ ಇನ್ನಷ್ಟು ಹೆಂಚು ಬರುತ್ತದೆ ಎಂದು ಅನಂತಸ್ವಾಮಿ ಬೇಕೆಂದೇ ಕನ್ನಡಕ ಮುಟ್ಟಿದ. ಮೇಷ್ಟರು ಹದಿನಾಲ್ಕು ಎಂದರು. ಈ ಸಲ ಬೋರಮ್ಮ ಆಚೆ ಹೋದವಳು ಬೇಗ ಬರಲಿಲ್ಲ. ಮಾಡಿದ್ದುಣ್ಣುವ ಕಾಲ ಬಂತೆಂದು ಅನಂತಸ್ವಾಮಿ ಬಾಗಿಲನ್ನೇ ನೋಡುತ್ತಾ ನಿಂತ. ಕೊನೆಗೆ ಅವಳ ತಲೆ ಬಾಗಿಲಲ್ಲಿ ಕಂಡಿತು. ಹದಿನೈದು ಎಂಬ ಮಾತು ಪೂರ್ತಿ ಹೊರಡುವ ಮೊದಲೇ ಮೂರು ಸಾರಿಯನ್ನೂ ಒಂದೇ ಉಸಿರಿಗೆ ಕೂಗಿ ಮೇಜು ಗುದ್ದಿದ.

ಜನ ಚಪ್ಪಾಳೆ ತಟ್ಟಿದರು. ಸೂರಿಗೆ ಸಾಕಾಗಿ, ಸುಣ್ಣಕ್ಕೂ ಮಿಗುವಷ್ಟಾಯಿತೆಂದು ಅಧ್ಯಕ್ಷರು ಕಣ್ಣೊರೆಸಿಕೊಂಡರು. ಅನಂತಸ್ವಾಮಿ ಸೀದಾ ಸಿದ್ದಬಸಪ್ಪನವರ ಬೆಂಚಿಗೆ ಹೋಗಿ, ಒಳ್ಳೆಯ ಬೆಲೆಗೆ ಕೃಷ್ಣನನ್ನು ಹೊಡೆದಿರಿ ಸ್ವಾಮಿ ಎಂದು ಕುಟುಕಿದ. ಅವರು ಎಲೆಯಡಿಕೆ ಉಗುಳಿ ಬಂದು ಅವನ ಮುಖವನ್ನೇ ನೋಡಿದರು.

"ನಂಗ್ಯಾಕ್ರೀ ಕೃಷ್ಣ? ಹದಿನೈದು ಮೂಟೆ ಕೊಬ್ಬರಿ ಕೊಟ್ಟು ಬಣ್ಣ ಬಳ್ಕಳ್ಳೋಕೆ ನಂಗೇನು ತಲೆ ಕೆಟ್ಟೈತಾ? ಯಾವ ಪುಣ್ಯಾತ್ಮ ಅಂತ ನೋಡಾಣ ಅಂತ್ಲೇ ನಾನೂ ಕುಂತಿದ್ದೆ."

ಸುಳ್ಳು ಹೇಳುವ ಮುಖವಲ್ಲ ಅದು. ಹಾಗಾದರೆ ಯಾರು ಎಂಬ ಚಿಂತೆ ಹೊತ್ತು ಅನಂತಸ್ವಾಮಿ ಮನೆಗೆ ಬಂದ. ಬಾಗಿಲಲ್ಲಿ ಎತ್ತಿನ ಗಾಡಿ ನಿಂತಿತ್ತು. ಒಳಗೆ ಅಟ್ಟಕ್ಕೆ ಏಣಿ ಹಾಕಿತ್ತು. ಏಣಿಯ ಮೇಲೆ ಬೋರಮ್ಮ, ಕೆಳಗೆ ಸೆರಗು ಸಿಕ್ಕಿಸಿಕೊಂಡು ಗೋಣಿಚೀಲ ಹಿಡಿದ ಆಂಡಾಳ್. ಅನಂತಸ್ವಾಮಿ ಹೊಸಿಲಲ್ಲೇ ಕೂತುಬಿಟ್ಟ.

"ಬಾಗಿಲಾಚೆ ನಿಂತಿದ್ದದ್ದು ನೀನೇನೇ?" ಎಂದ.

ಹೌದು ಎಂದು ಅವಳು ತಲೆಯಾಡಿಸಿದಳು. ಹತ್ತು ಮೂಟೆ ಈಗ ಕಳಿಸುತ್ತೇನೆ, ಉಳಿದದ್ದು ಹಗರೆಯಿಂದ ಬರುವ ವರ್ಷದ ಫಸಲಿನಲ್ಲಿ ಎಂದಳು. ಅನಂತಸ್ವಾಮಿ ಎದ್ದು ಅವಳ ಹತ್ತಿರ ಬಂದ. ತನ್ನ ಆಸೆ ಬಾಯಿಬಿಟ್ಟು ಹೇಳದಿದ್ದರೂ ಇವಳಿಗೆ ತಿಳಿದಿತ್ತು. ತವರಿನ ಕಾಯಿಯನ್ನೆಲ್ಲ ಗಂಡನ ಕಿರೀಟಕ್ಕೆ ಸುರಿದಿದ್ದಳು. ಅದಕ್ಕೆ ಎದುರಾಗಿ ನಿಂತು, ಅದೇ ಅಟ್ಟದ ಕೊಬ್ಬರಿಯನ್ನು ನಂಬಿಕೊಂಡು ಬೆಲೆ ಏರಿಸಿದವನು ತಾನೇ. ನಾಚಿಕೆಯಿಂದ ಮೈ ಹಿಡಿಯಾಯಿತು. ಇಂದುಧರ ಮೇಷ್ಟರ ಗುಟ್ಟನ್ನು ತಡವರಿಸುತ್ತಾ ಹೇಳಿಬಿಟ್ಟ. ಆಂಡಾಳ್ ಚೀಲ ಕೈಬಿಟ್ಟಳು. ಕೊಬ್ಬರಿ ನಡುಮನೆಯ ತುಂಬ ಉರುಳಾಡಿತು.

"ಆರಕ್ಕೋ ಏಳಕ್ಕೋ ಮುಗಿಯೋದನ್ನ ಹದಿನೈದಕ್ಕೆ ಹತ್ತಿಸಿದೋರು ನೀವಾ?"

"ತಪ್ಪಾಯ್ತು ಕಣೇ. ಆದರೆ ನನಗೋಸ್ಕರ ಇಷ್ಟು ಮಾಡಿದೆಯಲ್ಲ, ಈ ಋಣ ಹೇಗೆ ತೀರಿಸಲಿ?"

"ನಿಮಗೋಸ್ಕರ ಅಂತ ಯಾರಂದ್ರು?" ಎಂದಳು ಆಂಡಾಳ್. "ಪಾತ್ರ ನನಗೆ."

ಉರುಳಿದ ಕೊಬ್ಬರಿ ಹೆಕ್ಕಲು ಬಗ್ಗಿದ್ದ ಅನಂತಸ್ವಾಮಿ ತಲೆಯೆತ್ತಿದ. ಅವಳು ಇವನ ಉತ್ತರಕ್ಕೆ ಕಾಯಲೂ ಇಲ್ಲ. ಮದುವೆಯಾದಾಗಿನಿಂದ ಬಚ್ಚಲಮನೆಯಲ್ಲಿ ನೀವು ಕೃಷ್ಣನ ಪಾಠ ಒಪ್ಪಿಸುವುದನ್ನು ಒಲೆಯ ಮುಂದೆ ಕೂತು ಕೇಳಿದ್ದೇನೆ, ಎಲ್ಲೆಲ್ಲಿ ಶ್ರುತಿ ಬಿಡುತ್ತೀರೆಂಬುದೂ ನನಗೆ ಗೊತ್ತು ಎಂದಳು. ಆಮೇಲೆ ಸೊಂಟಕ್ಕೆ ಕೈಯಿಟ್ಟು ಕತ್ತು ಒಂಚೂರು ಓರೆ ಮಾಡಿದಳು. "ಎಲೈ ಕೌರವೇಂದ್ರ, ಸಂಧಿಗೆ ಬಂದವನನ್ನು ಕಟ್ಟಲು ಹಗ್ಗ ಹುಡುಕಿಸುವೆಯಾ? ನಿನ್ನ ಹಸ್ತಿನಾವತಿಯ ಹಗ್ಗವೆಲ್ಲ ಸೇರಿದರೂ ಈ ಕಿರುಬೆರಳಿಗೆ ಸಾಲದು!" ಏಣಿಯ ಮೇಲಿದ್ದ ಬೋರಮ್ಮ ಗೊತ್ತಿಲ್ಲದೆಯೇ ಕೈ ಮುಗಿದಳು. ಎಷ್ಟೋ ಕೃಷ್ಣರಿಗೆ ಪಿಸುಗುಟ್ಟಿದ್ದ ಅನಂತಸ್ವಾಮಿಗೆ ಒಂದೇ ಕ್ಷಣದಲ್ಲಿ ಗೊತ್ತಾಗಿಹೋಯಿತು: ತಾನು ಇಷ್ಟು ಚೆನ್ನಾಗಿ ಎಂದೂ ಆಡಲಾರ.

"ಹೆಂಗಸು ರಂಗ ಹತ್ತಿದ್ರೆ ಊರು ಏನನ್ನತ್ತೆ?" ಎಂದು ಕೊನೆಯ ಪ್ರಯತ್ನ ಮಾಡಿದ.

"ಹದಿನೈದು ಮೂಟೆ ಇಸ್ಕೊಂಡು ಬಾಯಿ ಮುಚ್ಕೊಂಡಿರತ್ತೆ," ಎಂದಳು ಆಂಡಾಳ್. ಗಂಡನ ಪೆಚ್ಚುಮೋರೆ ನೋಡಿ ಅವಳಿಗೂ ಅಯ್ಯೋ ಅನ್ನಿಸಿರಬೇಕು, ದನಿ ಮೆತ್ತಗಾಯಿತು. "ನೀವೇನೂ ಬೇಜಾರು ಮಾಡ್ಕೋಬೇಡಿ. ನನ್ನ ರುಕ್ಮಿಣಿ ಪಾತ್ರಕ್ಕೆ ಒಬ್ಬರೂ ಕೂಗಲಿಲ್ಲವಂತೆ, ಪುಕ್ಕಟೆ ಸಿಗತ್ತೆ. ಮೀಸೆ ಮಾತ್ರ ಬೋಳಿಸಬೇಕಾಗತ್ತೆ."