ಸಿಟ್ಟಿಗೊಂದು ಹುರುಳಿಕಾಳು

ಮನಸ್ಸಿನ ಕೊಳೆ ತೊಳೆದುಕೊಳ್ಳಲು ಹೊರಟವರ ಬದುಕಿನಲ್ಲಿ ಹೇಳಿಕೊಳ್ಳುವಂಥದ್ದೇನೂ ನಡೆಯುವುದಿಲ್ಲ ಎಂದು ಜನ ತಿಳಿದಿದ್ದಾರೆ. ನಡೆಯುತ್ತದೆ. ವಾರ ತಪ್ಪದೆ ನಡೆಯುತ್ತದೆ. ಒಂದು ವರ್ಷದಿಂದ ಬೌದ್ಧ ಧರ್ಮದ ಭಾನುವಾರದ ಕ್ಲಾಸಿಗೆ ಹೋಗುತ್ತಿರುವ ನಾನು ಅಂಥ ಕೆಲವನ್ನು ಇಲ್ಲಿ ಬರೆದಿದ್ದೇನೆ. ಇದರಿಂದ ನನಗೇನು ತಿಳಿಯಿತು ಎಂದು ದಯವಿಟ್ಟು ಕೇಳಬೇಡಿ. ಹೋಗುವ ಮುಂಚೆ ಎಷ್ಟು ತಿಳಿದಿತ್ತೋ ಅದರಲ್ಲೇ ಈಗ ಸ್ವಲ್ಪ ಕಡಿಮೆಯಾಗಿದೆ.

ಕಾಯಿಲೆ ಮತ್ತು ಅಡ್ರೆಸ್ಸು

ನಾನು ಹುಣಸೂರಿನ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದವನು. ಮೂವತ್ತು ವರ್ಷ ದಿನಾ ಕೂಗಾಡಿದೆ. ಸರ್ವಿಸು ಮುಗಿಯಿತು, ಕೂಗಾಟ ಮುಗಿಯಲಿಲ್ಲ. ಅದು ಮನೆಗೆ ಬಂದು, ಮನೆಯಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದಾಗ, ಪಕ್ಕದ ಮನೆಯ ಕಡೆ ತಿರುಗಿತು.

ಪಕ್ಕದ ಮನೆಯವರು ರಿಟೈರ್ಡ್ ವೆಟರ್ನರಿ ಇನ್ಸ್‌ಪೆಕ್ಟರು. ಅವರ ಹಿತ್ತಲಿನಲ್ಲಿ ಒಂದು ನುಗ್ಗೆಮರ ಇದೆ. ಅದು ಕಾಯಿ ಬಿಡುವುದು ಅವರ ಕಡೆ, ಕಂಬಳಿಹುಳ ಬೀಳಿಸುವುದು ನಮ್ಮ ಕಡೆ. ನಾಲ್ಕು ವರ್ಷದ ಹಿಂದೆ ಅವರನ್ನು ಕೇಳದೆ ನಾನೊಂದು ಕೊಂಬೆ ಕಡಿಸಿದೆ. ಅಂದಿಗೆ ನಮ್ಮಿಬ್ಬರ ಮಾತು ನಿಂತಿತು.

ಗಂಡಸರ ಮಾತು ನಿಂತರೆ ಯಾರಿಗೂ ನಷ್ಟವಿಲ್ಲ. ಆದರೆ ಹೆಂಗಸರಿಬ್ಬರೂ ಕಾಂಪೌಂಡಿನ ಮೇಲಿಂದ ದಿನಾ ಸಾರು, ಪಲ್ಯ ಬದಲಾಯಿಸಿಕೊಳ್ಳುತ್ತಿದ್ದರು. ಅದೂ ನಿಂತಿತು. ನಿಂತ ದಿನ ಅವರ ಮನೆಯ ಹಿಡಿಯಿರುವ ತೂಕುಪಾತ್ರೆ ನಮ್ಮಲ್ಲಿತ್ತು, ನಮ್ಮ ಸ್ಟೀಲ್ ಡಬ್ಬಿ ಅವರಲ್ಲಿತ್ತು. ಪಾತ್ರೆಯನ್ನು ಖಾಲಿ ವಾಪಸು ಕೊಡುವ ಹಾಗಿಲ್ಲ. ತುಂಬಿ ಕೊಡೋಣವೆಂದರೆ ಮಾತಿಲ್ಲ. ಹೀಗಾಗಿ ನಾಲ್ಕು ವರ್ಷದಿಂದ ಆ ತೂಕುಪಾತ್ರೆ ನಮ್ಮ ಅಡುಗೆಮನೆಯ ಅಟ್ಟದ ಮೇಲಿಂದ ನನ್ನನ್ನು ನೋಡುತ್ತಿತ್ತು.

ಟಿಬೆಟನ್ ಕ್ಯಾಂಪಿನಲ್ಲಿ ಲಾಮಾ ಒಬ್ಬರು ಕನ್ನಡದಲ್ಲೇ ಪಾಠ ಮಾಡುತ್ತಾರೆ, ಸಿಟ್ಟು ಇಳಿಯುತ್ತದಂತೆ ಎಂಬ ಸುದ್ದಿ ತಂದವಳು ನನ್ನ ಹೆಂಡತಿಯೇ. "ನಿಮ್ಗೆ ಮೋಕ್ಷ ಸಿಗ್ಲಿ ಬುಡ್ಲಿ, ಆ ಪಾತ್ರೆ ಈ ಮನೆಯಿಂದ ಹೋಗ್ಬೇಕು," ಎಂದಳು.

ಪಿರಿಯಾಪಟ್ಟಣದ ಕಡೆಯ ದೊಡ್ಡ ಕ್ಯಾಂಪಿಗೆ ಬಸ್ಸುಗಟ್ಟಲೆ ಪ್ರವಾಸಿಗರು ಬರುತ್ತಾರೆ. ನಾನು ಹೋದದ್ದು ಸಣ್ಣ ಕ್ಯಾಂಪಿಗೆ. ಲಾಮಾ ಅಲ್ಲೇ ಹುಟ್ಟಿದವರು, ಮುಸುಕಿನ ಜೋಳದ ವ್ಯಾಪಾರಿಗಳ ನಡುವೆ ಕನ್ನಡ ಕಲಿತವರು. ಅವರ ಮಾತು ಕಣ್ಣು ಮುಚ್ಚಿ ಕೇಳಿದರೆ ಹುಣಸೂರು ಸಂತೆಯಲ್ಲಿ ನಿಂತ ಹಾಗಾಗುತ್ತದೆ.

ಮೊದಲ ದಿನ ಅವರು ಕ್ಲೇಶಗಳನ್ನು, ಎಂದರೆ ಮನಸ್ಸಿನ ಕಾಯಿಲೆಗಳನ್ನು, ವಿವರಿಸಿದರು. ಆಸೆ, ಸಿಟ್ಟು, ಅಹಂಕಾರ, ಅಜ್ಞಾನ, ಸಂಶಯ, ತಪ್ಪು ದೃಷ್ಟಿ. ಎಲ್ಲ ಸೇರಿ ಆರು. ಆಮೇಲೆ ಎಲ್ಲರಿಗೂ ಚೀಟಿ ಹಂಚಿ, "ನಿಮ್ ನಿಮ್ಮ ಮುಖ್ಯವಾದ ಕ್ಲೇಶ ಬರ್ದು ಕೊಡಿ, ಹೆಸರು ಬ್ಯಾಡ," ಎಂದರು. ಬರೆದು ಕೊಟ್ಟೆವು. ಗಟ್ಟಿಯಾಗಿ ಓದಿದರು. ಒಂದರಲ್ಲಿ "ಸೊಸೆ" ಎಂದಿತ್ತು. ಒಂದರಲ್ಲಿ "ನಮ್ಮ ಅಣ್ಣ". ಎರಡರಲ್ಲಿ "ಪಕ್ಕದ ಮನೆಯವರು".

ಲಾಮಾ ಚೀಟಿಗಳನ್ನು ಮಡಚಿಟ್ಟರು. "ನಾನು ಕಾಯ್ಲೆ ಕೇಳ್ದೆ ಕಣ್ರೀ. ನೀವೆಲ್ಲ ಅಡ್ರೆಸ್ ಕೊಟ್ಟಿದ್ದೀರ."

ಅದರಲ್ಲಿ ಒಂದು ಚೀಟಿ ನನ್ನದು. ಪಕ್ಕದ ಮನೆ ಬರೆದ ಇನ್ನೊಬ್ಬ ಸಂಕಟಗಾರ ಯಾರಿರಬಹುದು ಎಂಬ ಕನಿಕರದಿಂದ ಹಿಂದೆ ತಿರುಗಿ ನೋಡಿದೆ. ಕೊನೆಯ ಸಾಲಿನಲ್ಲಿ ನಮ್ಮ ಇನ್ಸ್‌ಪೆಕ್ಟರು ಕೂತಿದ್ದರು.

ಬ್ರೈಟು, ಮೀಡಿಯಮ್ಮು, ಪುಡಿ

ನಮ್ಮ ಕ್ಲಾಸಿನಲ್ಲಿ ಹನಗೋಡಿನ ಕಡೆಯ ಗೌಡರೊಬ್ಬರಿದ್ದಾರೆ. ಹೊಗೆಸೊಪ್ಪು ಬೆಳೆಯುವವರು. ಗೂಡಿನ ಬಿಸಿಯಲ್ಲಿ ಒಣಗಿಸಿದ ಎಲೆಯನ್ನು ಬಣ್ಣ ನೋಡಿ, ಮುಟ್ಟಿ, ಬೇರೆ ಬೇರೆ ಗ್ರೇಡು ಮಾಡಿ ಕಟ್ಟುವುದರಲ್ಲಿ ಅವರನ್ನು ಮೀರಿಸುವವರಿಲ್ಲ.

ಒಂದು ವಾರ ಲಾಮಾ ನಮಗೆ, "ಸಿಟ್ಟು ಬಂದಾಗ ತಡೀಬ್ಯಾಡಿ, ಸುಮ್ನೆ ನೋಡಿ. ಎಂಥ ಸಿಟ್ಟು ಅಂತ ಗುರ್ತು ಇಟ್ಕಳಿ," ಎಂದರು. ನಾವೆಲ್ಲ ನೋಡಲು ಹೋಗಿ ಮರೆತು ಸಿಟ್ಟು ಮಾಡಿಕೊಂಡು ಬಂದೆವು. ಗೌಡರು ಮಾತ್ರ ಕೆಲಸ ಮಾಡಿದ್ದರು.

"ಗ್ರೇಡು ಮಾಡಿದೀನಿ ಸ್ವಾಮಿ," ಎಂದರು. "ನಾಕು ಬ್ರೈಟು, ಎಂಟು ಮೀಡಿಯಮ್ಮು, ಮಿಕ್ಕಿದ್ದೆಲ್ಲ ಪುಡಿ."

ಬ್ರೈಟು ಎಂದರೇನು ಎಂದು ಲಾಮಾ ಕೇಳಿದರು. ಗೌಡರು ಬಿಡಿಸಿ ಹೇಳಿದರು. ತಪ್ಪು ಪೂರ್ತಿ ಎದುರಿನವರದ್ದೇ ಆಗಿದ್ದು, ನಾಲ್ಕು ಜನ ಅದನ್ನು ಒಪ್ಪಿದರೆ ಬ್ರೈಟು. ಅರ್ಧ ತಪ್ಪು ತಮ್ಮದೂ ಇದ್ದರೆ ಮೀಡಿಯಂ. ಸೊಳ್ಳೆ, ಕರೆಂಟು, ಹವಾಮಾನ ಇವುಗಳ ಮೇಲೆ ಬಂದದ್ದು ಪುಡಿ.

ಲಾಮಾ ಮುಂದಿದ್ದ ಪುಸ್ತಕ ಮುಚ್ಚಿಟ್ಟರು. ಅವರ ಗ್ರಂಥಗಳಲ್ಲಿ ಈ ವಿಂಗಡಣೆ ಇರಲಿಲ್ಲವೆಂದು ಕಾಣುತ್ತದೆ. "ಸರಿ. ಇದ್ರಲ್ಲಿ ಯಾವ್ದ ಬುಡ್ತೀರಿ?"

"ಪುಡಿ ಇವತ್ತೇ ಬುಡ್ತೀನಿ ಸ್ವಾಮಿ. ಮೀಡಿಯಮ್ಮು ನೋಡ್ಮ. ಬ್ರೈಟು ಬುಡಾಕೆ ಮನ್ಸು ಬರಲ್ಲ, ಅಂತಾ ಮಾಲು ದಿನಾ ಸಿಕ್ಕಲ್ಲ."

ಗಿರಾಕಿಯ ವೈರಾಗ್ಯ

ಎಚ್.ಡಿ. ಕೋಟೆ ಹ್ಯಾಂಡ್‌ಪೋಸ್ಟ್ ಸರ್ಕಲ್ಲಿನಲ್ಲಿ ಇಡ್ಲಿ ಹೋಟೆಲು ನಡೆಸುವ ಅಕ್ಕ ಒಬ್ಬರು ಮಧ್ಯಾಹ್ನದ ಬಸ್ಸಿಗೆ ಕ್ಲಾಸಿಗೆ ಬರುತ್ತಾರೆ. ಆಸೆಗೆ ಮದ್ದು ಹೇಳಿದ ದಿನ ಅವರು ಮೊದಲ ಸಾಲಿನಲ್ಲಿದ್ದರು. ಯಾವ ವಸ್ತುವಿನ ಮೇಲೆ ಆಸೆ ಹುಟ್ಟುತ್ತದೋ ಅದನ್ನು ಬಿಡಿಸಿ ಬಿಡಿಸಿ ನೋಡಬೇಕು, ಅದು ಎಲ್ಲಿಂದ ಬಂತು, ನಾಳೆ ಏನಾಗುತ್ತದೆ ಎಂದು ಯೋಚಿಸಬೇಕು, ಆಗ ಆಸೆ ತಾನಾಗಿ ಸಡಿಲವಾಗುತ್ತದೆ ಎಂದು ಲಾಮಾ ಹೇಳಿದರು.

ಮುಂದಿನ ವಾರ ಅಕ್ಕ ಮುಖ ಸಣ್ಣ ಮಾಡಿಕೊಂಡು ಬಂದರು. "ನೀವ್ ಯೋಳಿದ್ದು ನೂರಕ್ಕೆ ನೂರು ದಿಟ ಗುರುಗಳೇ. ಆಸೆ ವೋಯ್ತದೆ."

"ಎಂಗೆ ಮಾಡಿದ್ರಿ?"

"ಮೂರ್ನೇ ಸಲ ಚಟ್ನಿ ಕೇಳ್ದ ಲಾರಿ ಡ್ರೈವರ್‌ಗಳ್ಗೆಲ್ಲ ಬುಡಿಸಿ ಬುಡಿಸಿ ಯೋಳ್ದೆ. ಈ ಇಡ್ಲಿ ನಾಳೆ ಬೆಳಿಗ್ಗೆ ಎಂಗಿರ್ತದೆ, ಎಲ್ಲಿರ್ತದೆ, ವಸಿ ಯೋಚ್ನೆ ಮಾಡಣ್ಣ ಅಂತ. ಅರ್ಧ ತಿಂದು ಎದ್ದೋದ್ರು. ಎರಡು ದಿನದಿಂದ ಆ ಡ್ರೈವರ್‌ಗಳು ಎದುರಿನ ಹೋಟ್ಲಲ್ಲಿ ಕುಂತವ್ರೆ."

ಲಾಮಾ ನಗಲಿಲ್ಲ. ಅವರು ಪಾಠದ ಹೊತ್ತಿನಲ್ಲಿ ನಗುವುದಿಲ್ಲ, ಹೊಟ್ಟೆ ಮಾತ್ರ ಸ್ವಲ್ಪ ಅಲುಗುತ್ತದೆ. "ಗಿರಾಕಿಗಳ ಆಸೆ ವೋಯ್ತು. ಸಂತೋಷ. ನಿಮ್ದು?"

"ನಂದಾ," ಎಂದರು ಅಕ್ಕ. "ಗಿರಾಕಿ ಮ್ಯಾಲೆ ಇಷ್ಟು ಆಸೆ ನಂಗೆ ಯಾವತ್ತೂ ಇರ್ನಿಲ್ಲ."

ಒಪ್ಪಿಗೆ ಇಲ್ಲದ ಶುಭ ಹಾರೈಕೆ

ಸಿಟ್ಟಿಗೆ ಮದ್ದು ಮೈತ್ರಿ. ಕಣ್ಣು ಮುಚ್ಚಿ ಕೂತು ಮೊದಲು ಬೇಕಾದವರನ್ನು, ಆಮೇಲೆ ಗುರುತಿಲ್ಲದವರನ್ನು, ಕೊನೆಗೆ ಆಗದವರನ್ನು ನೆನೆದು ಅವರು ಸುಖವಾಗಿರಲಿ ಎನ್ನಬೇಕು. ಮೊದಲೆರಡನ್ನು ಸಲೀಸಾಗಿ ಮುಗಿಸಿದೆ. ಮೂರನೆಯದಕ್ಕೆ ಇನ್ಸ್‌ಪೆಕ್ಟರನ್ನು ಮನಸ್ಸಿಗೆ ತಂದುಕೊಂಡೆ. ಸುಖವಾಗಿರಲಿ, ಎಂದೆ. ನುಗ್ಗೆಮರ ಬಿಟ್ಟು, ಎಂದು ಸೇರಿಸಿದೆ. ಇದು ಸರಿಯೋ ತಪ್ಪೋ ತಿಳಿಯದೆ ಕಣ್ಣು ಬಿಟ್ಟೆ. ಎದುರಿಗೆ ಇನ್ಸ್‌ಪೆಕ್ಟರು ಕಣ್ಣು ಮುಚ್ಚಿ, ನನ್ನ ಕಡೆ ಮುಖ ಮಾಡಿ, ತುಟಿ ಅಲುಗಿಸುತ್ತಿದ್ದರು.

ನನ್ನ ಮೈತ್ರಿ ಅಲ್ಲಿಗೇ ನಿಂತಿತು. ನನ್ನ ಒಪ್ಪಿಗೆ ಇಲ್ಲದೆ ನನಗೆ ಒಳ್ಳೆಯದು ಬಯಸಲು ಇವರ್ಯಾರು?

ವಾಪಸು ಬರುವಾಗ ಬಸ್ಸಿನಲ್ಲಿ ಖಾಲಿ ಇದ್ದದ್ದು ಜೋಡಿ ಸೀಟು ಒಂದೇ. ಇಬ್ಬರೂ ಕೂತೆವು, ನಡುವೆ ಒಂದು ಮಗು ಕೂರುವಷ್ಟು ಜಾಗ ಬಿಟ್ಟು. ಕಂಡಕ್ಟರು ಹಳೆಯ ಪರಿಚಯ. "ಏನ್ ಸಾ, ಇಬ್ರೂ ಒಟ್ಗೆ ಬಂದ್ರಾ?"

"ಇಲ್ಲ," ಎಂದೆವು. ನಾಲ್ಕು ವರ್ಷದಲ್ಲಿ ನಾವಿಬ್ಬರೂ ಒಂದೇ ದನಿಯಲ್ಲಿ ಆಡಿದ ಮೊದಲ ಮಾತು ಅದು.

"ಮತ್ತೆ ಎಲ್ಲಿಗೋಗಿದ್ರಿ?"

ಇನ್ಸ್‌ಪೆಕ್ಟರು ಕಿಟಕಿ ಕಡೆ ನೋಡುತ್ತಾ ಹೇಳಿದರು: "ಎಲ್ರೂ ಚೆನ್ನಾಗಿರ್ಲಿ ಅಂತ ಕೇಳ್ಕೊಳಕ್ಕೆ."

ಕಂಡಕ್ಟರು ಇಬ್ಬರ ಮುಖವನ್ನೂ ನೋಡಿ ಟಿಕೆಟ್ಟು ಬೇರೆ ಬೇರೆ ಹರಿದರು.

ಕಾಳುಗಳು

ಹಿಂದಿನ ಕಾಲದ ಸಾಧಕರು ಕೆಟ್ಟ ಯೋಚನೆ ಬಂದಾಗ ಒಂದು ಕಪ್ಪು ಕಲ್ಲು, ಒಳ್ಳೆಯದು ಬಂದಾಗ ಒಂದು ಬಿಳಿ ಕಲ್ಲು ಪಕ್ಕಕ್ಕಿಟ್ಟು, ಸಂಜೆ ಎರಡನ್ನೂ ನೋಡಿಕೊಳ್ಳುತ್ತಿದ್ದರಂತೆ. ಲಾಮಾ ಇದನ್ನು ಹೇಳಿದ ಕೂಡಲೇ ಗೌಡರು, "ಕಲ್ಲು ಎಲ್ಲಿ ಆಯ್ಕಂಡು ಕೂರಾದು ಸ್ವಾಮಿ, ಕಾಳಲ್ಲೇ ಮಾಡ್ಮ," ಎಂದರು. ಹಾಗೇ ಆಯಿತು. ಕೆಟ್ಟದ್ದಕ್ಕೆ ಹುರುಳಿಕಾಳು, ಒಳ್ಳೆಯದಕ್ಕೆ ಅವರೆಕಾಳು.

ನಾನು ಎರಡು ಡಬ್ಬ ಇಟ್ಟೆ. ಮೊದಲ ವಾರವೇ ಗೊಂದಲ ಶುರುವಾಯಿತು. ಹುರುಳಿ ಬಹಳವಾಯಿತಲ್ಲ ಎಂದು ಸಿಟ್ಟು ಬಂದರೆ ಅದಕ್ಕೂ ಹುರುಳಿ ಹಾಕಬೇಕೆ? ಲಾಮಾ, "ಹಾಕಿ," ಎಂದರು. ಇಂಥ ಸೂಕ್ಷ್ಮವಾದ ಪ್ರಶ್ನೆ ಬೇರೆ ಯಾರೂ ಕೇಳಲಿಲ್ಲವಲ್ಲ ಎಂದು ನನಗೆ ಒಳಗೊಳಗೇ ಸಂತೋಷವಾಯಿತು. ಇದು ಅವರೆಯೇ ಎಂದು ಕೇಳಿದೆ. "ಅದು ಅಹಂಕಾರ. ಹುರುಳಿ." ಹಾಗಾದರೆ ಇನ್ನು ಏನೂ ಕೇಳುವುದಿಲ್ಲ ಎಂದುಕೊಂಡೆ. ಲಾಮಾ ನನ್ನ ಮುಖ ನೋಡಿ, "ಅದ್ಕೂ ಒಂದು," ಎಂದರು.

ಕಂಬಳಿಹುಳದ ಕಾಲ ಬಂದ ಮೇಲೆ ಒಂದೊಂದೇ ಕಾಳು ಹಾಕಲು ಬಿಡುವಾಗಲಿಲ್ಲ. ಹುಳಕ್ಕೊಂದು ಹಿಡಿ ಎಂದು ನಿಗದಿ ಮಾಡಿದೆ. ಮೂರು ತಿಂಗಳಿಗೆ ಡಬ್ಬ ಅರ್ಧ ತುಂಬಿತು. ಅವರೆಯ ಡಬ್ಬದಲ್ಲಿ ಹನ್ನೊಂದು ಕಾಳಿದ್ದವು, ಅದರಲ್ಲಿ ಮೂರರ ಬಗ್ಗೆ ನನಗೇ ಅನುಮಾನವಿತ್ತು.

ಆಮೇಲೆ ಎರಡು ದಿನ ಹುಳವೂ ಬೀಳಲಿಲ್ಲ, ಸಿಟ್ಟೂ ಬರಲಿಲ್ಲ. ಮೂರನೆಯ ಬೆಳಿಗ್ಗೆ ಹುಳ ಬಿತ್ತು. ಕಾಳು ಹಾಕಲು ಹೋದೆ. ಹುರುಳಿಯ ಡಬ್ಬ ತೊಳೆದು ಬೋರಲು ಹಾಕಿತ್ತು. ಅಡುಗೆಮನೆಯಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು.

"ಲೇ, ಅದರಲ್ಲಿದ್ದದ್ದು ನನ್ನ ಸಿಟ್ಟು ಕಣೇ," ಎಂದೆ.

"ಗೊತ್ತು," ಎಂದಳು ಹೆಂಡತಿ, ತಿರುಗಿಯೂ ನೋಡದೆ. "ಇನ್ನೆರಡು ದಿನ ಬುಟ್ಟಿದ್ರೆ ಹುಳ ಹಿಡಿಯೋದು. ನೆನೆ ಹಾಕಿ ಕಟ್ಟಿಟ್ಟಿದ್ದೆ. ನಿಮ್ ಸಿಟ್ಟು ಮೊಳಕೆ ಚೆನ್ನಾಗಿ ಬಂದದೆ ಕಣ್ರೀ."

ನಾನು ನೋಡುತ್ತಿದ್ದ ಹಾಗೆಯೇ ಅವಳು ಸ್ಟೂಲು ಹಾಕಿ ಅಟ್ಟದಿಂದ ಆ ತೂಕುಪಾತ್ರೆ ಇಳಿಸಿದಳು. ತೊಳೆದಳು. ಸಾರನ್ನು ಕಂಠಮಟ್ಟ ತುಂಬಿದಳು. "ಖಾಲಿ ಕೊಡಂಗಿಲ್ಲ ಅಂತ ತಾನೇ ನಾಕು ವರ್ಷ ಇಟ್ಕೊಂಡಿದ್ದು. ಈಗ ತುಂಬಿದೆ." ಹಿತ್ತಲಿಗೆ ಹೋಗಿ ಕಾಂಪೌಂಡಿನ ಮೇಲಿಂದ ಇನ್ಸ್‌ಪೆಕ್ಟರ ಹೆಂಡತಿಯ ಕೈಗೆ ಕೊಟ್ಟಳು. ಇಬ್ಬರೂ ನಿನ್ನೆ ಬಿಟ್ಟ ಮಾತನ್ನು ಮುಂದುವರಿಸುವವರ ಹಾಗೆ ಮಾತಾಡತೊಡಗಿದರು.

ನನಗೆ ಸಿಟ್ಟು ಬರಬೇಕೋ ಬೇಡವೋ ಗೊತ್ತಾಗಲಿಲ್ಲ. ಬಂದಿದ್ದರೂ ಹಾಕಲು ಮನೆಯಲ್ಲಿ ಒಂದು ಹುರುಳಿಕಾಳೂ ಇರಲಿಲ್ಲ. ಯಾರ ಮೇಲಿನ ಸಿಟ್ಟೋ ಅವರೇ ಅದನ್ನು ಮುದ್ದೆಗೆ ಹಾಕಿಕೊಂಡು ಉಂಡರೆ ಅದು ತೀರಿತೆಂದು ಅರ್ಥವೋ, ಅವರಿಗೆ ಸೇರಿತೆಂದು ಅರ್ಥವೋ? ಇದನ್ನು ಭಾನುವಾರ ಕೇಳಬೇಕೆಂದುಕೊಂಡೆ. ಇದೂ ಸೂಕ್ಷ್ಮವಾದ ಪ್ರಶ್ನೆಯೇ ಎನ್ನಿಸಿ, ಬೇಡವೆಂದುಕೊಂಡೆ.

ಮಾರನೆಯ ದಿನ ಕಾಂಪೌಂಡಿನ ಮೇಲೆ ನಮ್ಮ ಸ್ಟೀಲ್ ಡಬ್ಬಿ ಬಂದು ಕೂತಿತು. ಅದರ ಹಿಂದೆ ಇನ್ಸ್‌ಪೆಕ್ಟರೇ ನಿಂತಿದ್ದರು. ಡಬ್ಬಿ ಎತ್ತಿದೆ. ಭಾರವಿತ್ತು. ಮುಚ್ಚಳ ತೆಗೆದೆ. ಅಂಚಿನವರೆಗೆ ಹುರುಳಿಕಾಳು.

"ಖಾಲಿ ಕೊಡಬಾರದಲ್ಲ," ಎಂದರು ಇನ್ಸ್‌ಪೆಕ್ಟರು. ನಾಲ್ಕು ವರ್ಷದ ಮೇಲೆ ನನಗೆಂದೇ ಆಡಿದ ಮಾತು. "ಮನೇಲಿ ಬೇರೆ ಏನೂ ಇರಲಿಲ್ಲ. ಮೂರು ತಿಂಗಳದ್ದು."

ನಾನು ಡಬ್ಬಿಯನ್ನು ಕೈಯಲ್ಲಿ ತೂಗಿ ನೋಡಿದೆ. ನನ್ನದು ಅರ್ಧ ಡಬ್ಬ. ಇವರದ್ದು ಪೂರ್ತಿ. "ಇಷ್ಟೂ ನನ್ನ ಮೇಲೇನಾ?"

ಅವರು ಬಗ್ಗಿ ನೋಡಿದರು. ಸುಳ್ಳು ಹೇಳುವ ಮನುಷ್ಯರಲ್ಲ. "ಮೇಲಿನ ಒಂದು ಪದರ ನಿಮ್ದಲ್ಲ. ಕೆ.ಆರ್. ನಗರದ ಭಾವಮೈದ ಬಂದು ಒಂದು ವಾರ ಇದ್ದ, ಅವನದ್ದು. ಕೆಳಗಿನದೆಲ್ಲ ನಿಮ್ದೇ."

"ಕೊಂಬೆ ಕಡಿಸೋ ಮುಂಚೆ ಒಂದು ಮಾತು ಕೇಳಬೇಕಿತ್ತು," ಎಂದೆ. ಈ ಮಾತು ನನ್ನ ಬಾಯಿಂದ ಹೇಗೆ ಬಂತೋ ಇವತ್ತಿಗೂ ಗೊತ್ತಿಲ್ಲ.

"ಹುಳಕ್ಕೆ ನಾನೂ ಮದ್ದು ಹೊಡಿಸಬೇಕಿತ್ತು," ಎಂದರು. ಆಮೇಲೆ ಸೇರಿಸಿದರು: "ಸಾರು ಚೆನ್ನಾಗಿತ್ತು. ಉಪ್ಪು ಒಂಚೂರು ಕಮ್ಮಿ."

"ಉಪ್ಪು ಸರಿಯಾಗೇ ಇತ್ತು," ಎಂದೆ. ಕೈ ತಾನಾಗಿ ಡಬ್ಬಿಯಿಂದ ಒಂದು ಕಾಳು ತೆಗೆಯಿತು. ಅದು ಅವರ ಕಾಳು. ನನ್ನ ಸಿಟ್ಟಿಗೆ ಅವರ ಕಾಳು ನಡೆಯುತ್ತದೋ ಇಲ್ಲವೋ ತಿಳಿಯದೆ ಹಿಡಿದುಕೊಂಡೇ ನಿಂತೆ.

"ಅವರೆ ಎಷ್ಟಾಗಿದೆ ನಿಮ್ದು?" ಎಂದು ಅವರು ದನಿ ತಗ್ಗಿಸಿ ಕೇಳಿದರು.

"ಹನ್ನೊಂದು. ನಿಮ್ದು?"

"ಒಂಬತ್ತು."

ಅಷ್ಟರಲ್ಲಿ ಹೆಂಗಸರಿಬ್ಬರೂ ಬಂದರು. ಇವತ್ತು ಎರಡೂ ಮನೆಗೆ ಸೇರಿಸಿ ಅವರೆಕಾಳಿನ ಹುಳಿ ಮಾಡೋಣವೆಂದು ಅವರಲ್ಲಿ ಆಗಲೇ ತೀರ್ಮಾನವಾಗಿತ್ತು. ಇನ್ಸ್‌ಪೆಕ್ಟರು ಒಳಗೆ ಹೋಗಿ ತಮ್ಮ ಒಂಬತ್ತು ಕಾಳು ತಂದರು. ನಾನು ನನ್ನ ಹನ್ನೊಂದು ತಂದೆ. ಎರಡನ್ನೂ ನನ್ನ ಹೆಂಡತಿಯ ಅಂಗೈಗೆ ಸುರಿದೆವು. ಅಂಗೈ ತುಂಬಲಿಲ್ಲ.

ಅವಳು ಇಪ್ಪತ್ತು ಕಾಳನ್ನು ನೋಡಿದಳು, ನಮ್ಮಿಬ್ಬರನ್ನೂ ನೋಡಿದಳು, ಬಾಗಿಲ ಹಿಂದಿನ ಚೀಲ ತಂದು ನನ್ನ ಕೈಗೆ ಕೊಟ್ಟಳು.

"ಇಬ್ರೂ ಒಟ್ಗೆ ಅಂಗಡಿಗೋಗಿ," ಎಂದಳು. "ಅರ್ಧ ಕೇಜಿ ಒಳ್ಳೇ ಯೋಚ್ನೆ ತಕೊಂಡ್ ಬನ್ನಿ."