ಜೇಮ್ಸ್ ಅನುಗೊಂಡನಹಳ್ಳಿಯವರ ಸೂತಕ

ಹೊಸಕೋಟೆಯಲ್ಲಿ ಜೆರಾಕ್ಸ್, ಆನ್‌ಲೈನ್ ಅರ್ಜಿಯ ಅಂಗಡಿ ಇಟ್ಟುಕೊಂಡ ಮೇಲೆ ನನಗೆ ವಿದೇಶದಲ್ಲಿ ಸತ್ತವರ ಕಾಟ ತಪ್ಪಿದ್ದಲ್ಲ. ಯಾರಾದರೂ ಫೋನು ಚಾಚಿ "ಮೇಡಂ, ಇದೇನು ನೋಡಿ" ಅಂದರೆ ಸಾಕು, ಎದೆ ಹೊಡೆದುಕೊಳ್ಳುತ್ತದೆ. ನಾನು ಮೊದಲೇ ಪುಕ್ಕಲಿ.

೧. ಕೆಂಪು ಪೆನ್ನು

ನಿವೃತ್ತ ಇಂಗ್ಲಿಷ್ ಮೇಷ್ಟ್ರೊಬ್ಬರು ಒಂದು ಮೇಲ್ ಪ್ರಿಂಟ್ ತೆಗೆಸಿದರು. ಲಂಡನ್ನಿನ ಬ್ಯಾಂಕ್ ಮ್ಯಾನೇಜರ್ ಬರೆದದ್ದಂತೆ. ವಾರಸುದಾರರಿಲ್ಲದೆ ಸತ್ತ ಸಾಹುಕಾರನ ಆಸ್ತಿ ನಿಮಗೇ ಸೇರಬೇಕು, ಖಾತೆ ವಿವರ ಕಳಿಸಿ ಎಂದಿತ್ತು. ಕಳಿಸಿಯೇಬಿಟ್ಟರೇನೋ ಎಂದು ಹೆದರಿದೆ. ಅವರು ಜೇಬಿನಿಂದ ಕೆಂಪು ಪೆನ್ನು ತೆಗೆದು ಸಾಲು ಸಾಲಿಗೂ ಸುತ್ತು ಹಾಕಿದರು.

"ಮೋಸ ಅಂತ ಗೊತ್ತಾಯ್ತಾ ಸಾರ್?"

"ಮೋಸದ ಮಾತು ಆಮೇಲಮ್ಮ. ಮ್ಯಾನೇಜರ್ ಅನ್ನೋ ಪದಾನೇ ಎರಡು ಥರ ಬರ್ದಿದಾನೆ. ಇವನನ್ನ ಏಳನೇ ಕ್ಲಾಸು ಪಾಸು ಮಾಡಿದೋರು ಯಾರು?"

೨. ಸರ್‌ನೇಮ್ ಎಂಬ ಖಾನೆ

ಇದು ನನ್ನದೇ ತಪ್ಪು. ನಮ್ಮ ಕಡೆಯವರಿಗೆ ಇರುವುದು ಇನಿಷಿಯಲ್ಲು. ಸರ್‌ನೇಮ್ ಎಲ್ಲಿಂದ ತರುವುದು? ಮೇಲ್ ಐಡಿ ಮಾಡಿಕೊಡುವಾಗ ಆ ಖಾನೆ ಖಾಲಿ ಬಿಡಲು ಹೆದರಿ ಊರಿನ ಹೆಸರು ತುಂಬುತ್ತಿದ್ದೆ. ಹಾಗೆ ಮಾಡಿಸಿಕೊಂಡಿದ್ದ, ಅನುಗೊಂಡನಹಳ್ಳಿಯಲ್ಲಿ ಟೊಮೇಟೊ ಬೆಳೆಯುವ ಗೌಡರೊಬ್ಬರು ಒಂದು ಬೆಳಗ್ಗೆ ಮುಖ ಬಾಡಿಸಿಕೊಂಡು ಬಂದರು. ಅವರಿಗೆ ಬಂದ ಮೇಲ್ ಪ್ರಕಾರ, ಅದೇ ಸರ್‌ನೇಮಿನ ಮಿಸ್ಟರ್ ಜೇಮ್ಸ್ ಅನುಗೊಂಡನಹಳ್ಳಿ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು. ಗೌಡರೇ ಹತ್ತಿರದ ಬಂಧು.

"ಗೌಡ್ರೇ, ಇದು ಶುದ್ಧ ಮೋಸ. ಆಸ್ತಿ ಆಸೆ ಬಿಡಿ."

"ಆಸ್ತಿ ಯಾರಿಗೆ ಬೇಕಮ್ಮ? ಭಾನುವಾರ ಮಗಳ ನಿಶ್ಚಿತಾರ್ಥ. ನಮ್ಮ ದೊಡ್ಡವ್ವ ಇದನ್ನ ಕೇಳಿಸ್ಕೊಂಡು, ಅಣ್ತಮ್ಮಂದಿರಲ್ಲಿ ಸಾವಾಗೈತೆ, ಸೂತಕ, ಶುಭಕಾರ್ಯ ಮಾಡಂಗಿಲ್ಲ ಅಂತ ಕೂತವ್ಳೆ. ಒಂದ್ಸಲ ಮುಂದಕ್ಕೆ ಹಾಕಿದೀವಿ. ಇನ್ನೊಂದ್ಸಲ ಅಂದ್ರೆ ಗಂಡಿನ ಕಡೆಯೋರು ಬಿಟ್ಟೇ ಹೋಯ್ತಾರೆ."

"ನಿಮ್ಮ ವಂಶದಲ್ಲಿ ಜೇಮ್ಸ್ ಅಂತ ಯಾರಿದಾರೆ?"

"ನಾನೂ ಅದೇ ಕೇಳ್ದೆ. ಹೊಟ್ಟೆಪಾಡಿಗೆ ಹೋದೋನು ಹೆಸರು ಬದಲಾಯಿಸ್ಕೊಂಡ್ರೂ ಊರ ಹೆಸರು ಬಿಟ್ಟಿಲ್ಲ ಪಾಪ, ಅಂತ ಬೆಳಗ್ಗಿಂದ ಅಳ್ತಾವ್ಳೆ."

೩. ಮರಣ ಪ್ರಮಾಣಪತ್ರ

ಇಂಥ ಮೇಲ್‌ಗೆ ಉತ್ತರ ಕೊಡಬಾರದು, ಅಳಿಸಿ ಸುಮ್ಮನಿರಬೇಕು ಎಂದು ಅಂಗಡಿ ಗೋಡೆಗೆ ಚೀಟಿ ಅಂಟಿಸಿದವಳು ನಾನೇ. ಆದರೆ ನಾನು ತುಂಬಿದ ಒಂದು ಖಾನೆಯಿಂದ ಆ ಹುಡುಗಿಯ ಮದುವೆ ಮುರಿದರೆ? ಭಯವಾಯಿತು. ಸಾವೇ ಸುಳ್ಳು ಎಂದು ದೊಡ್ಡವ್ವನಿಗೆ ತೋರಿಸಲು ಗೌಡರ ಮೇಲ್‌ನಿಂದ ಒಂದೇ ಸಾಲು ಟೈಪ್ ಮಾಡಿದೆ: ಮೊದಲು ಮರಣ ಪ್ರಮಾಣಪತ್ರ ಕಳಿಸಿ. ಬೇರೆ ಯಾವ ವಿವರವನ್ನೂ ಕೊಡಲಿಲ್ಲ.

ಗೌಡರು ಟೀ ಕುಡಿದು ಬರುವಷ್ಟರಲ್ಲಿ ಪ್ರಮಾಣಪತ್ರ ಬಂತು, ಸೀಲು, ಸಹಿ ಸಮೇತ. ಇದನ್ನು ನೋಡಿದರೆ ದೊಡ್ಡವ್ವ ಪೂರ್ತಿ ನಂಬುತ್ತಾರಲ್ಲ ಎಂದುಕೊಂಡೆ. ಆಮೇಲೆ ಸತ್ತ ದಿನಾಂಕದ ಮೇಲೆ ಕಣ್ಣು ಬಿತ್ತು. ಗಡಿಬಿಡಿಯಲ್ಲಿ ಕಳ್ಳ ಬರುವ ತಿಂಗಳ ತಾರೀಕು ಹಾಕಿದ್ದ.

ಪ್ರಿಂಟ್ ತೆಗೆದು ಕೊಟ್ಟೆ. "ನೋಡಿ ಗೌಡ್ರೇ, ಈ ಮನುಷ್ಯ ಸಾಯೋದು ಬರೋ ತಿಂಗಳಂತೆ. ದೊಡ್ಡವ್ವಂಗೆ ತೋರ್ಸಿ."

ಸಂಜೆ ಅವರು ನಗುನಗುತ್ತಾ ಮತ್ತೆ ಬಂದರು. "ದೊಡ್ಡವ್ವ ಒಪ್ಕೊಂಡ್ಳು ಕಣಮ್ಮ. ಭಾನುವಾರಾನೇ ನಿಶ್ಚಿತಾರ್ಥ."

"ಸದ್ಯ. ಸುಳ್ಳು ಅಂತ ಗೊತ್ತಾಯ್ತಲ್ಲ."

"ಅದೆಲ್ಲಿ? ಇನ್ನೂ ಬದುಕವ್ನಲ್ಲ, ಸೂತಕ ಹೆಂಗಾಯ್ತದೆ ಅಂದ್ಳು." ಗೌಡರು ಒಂದು ಆಹ್ವಾನ ಪತ್ರಿಕೆ ಮೇಜಿನ ಮೇಲಿಟ್ಟರು. "ಇದನ್ನ ಸ್ಕ್ಯಾನ್ ಮಾಡಿ ಅವ್ನಿಗೂ ಕಳಿಸ್ಬೇಕಂತೆ. ವಿಮಾನ ಮಾತ್ರ ಹತ್ತಬೇಡ, ಬಸ್ಸಲ್ಲೇ ಬಾ ಅಂತ ಬರೀಬೇಕಂತೆ."