ಬಾಗಿಲಿಗೆ ಅಂಟಿಸಿದ ಚೀಟಿ

ವೈರಣ್ಣ ಆ ಚೀಟಿಯೊಂದನ್ನು ಅಂಟಿಸದೇ ಇದ್ದಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಆದರೆ ಅವನು ಪ್ರಾಮಾಣಿಕ. ಅದೇ ಅವನ ಕಾಯಿಲೆ. "ಇಂದಿನಿಂದ ಎಲ್ಲ ಕಂಪ್ಯೂಟರುಗಳಲ್ಲೂ ಹೊಸ ಮುಕ್ತ ತಂತ್ರಾಂಶ. ದಯವಿಟ್ಟು ಸಹಕರಿಸಿ" ಎಂದು ದಪ್ಪಕ್ಷರದಲ್ಲಿ ಬರೆದು ಬೆಳಿಗ್ಗೆಯೇ ಕಚೇರಿಯ ಬಾಗಿಲಿಗೆ ಅಂಟಿಸಿಬಿಟ್ಟ.

ಕಚೇರಿಯ ಕಂಪ್ಯೂಟರು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ ಐದು ವರ್ಷದಿಂದ ಅವನ ಬಿಡಾರ ಸರ್ವರ್ ಕೋಣೆ. ಕಿಟಕಿಯಿಲ್ಲ. ಸರ್ವರಿಗೆ ಸೆಕೆಯಾಗಬಾರದೆಂದು ಹಗಲಿಡೀ ಎಸಿ. ಮನೆಗೆ ಹೋದರೆ ಹೆಂಡತಿ, "ಸ್ವಲ್ಪ ಹೊತ್ತು ಒಲೆ ಹತ್ರ ನಿಂತ್ಕೊಳ್ಳಿ, ಆಮೇಲೆ ಮಗೂನ ಎತ್ಕೊಳ್ಳಿ" ಅನ್ನುತ್ತಿದ್ದಳು.

ಕೊನೆಗೂ ಸಾಹೇಬರು ಮಾತು ಕೊಟ್ಟಿದ್ದರು. ಹಳೆಯ ಸರ್ವರನ್ನು ಮುಟ್ಟಬಾರದು, ಅದರಲ್ಲಿರುವ ಕಡತಗಳು ಎಂದಿನಂತೆ ತೆರೆಯಬೇಕು, ಕಂಪ್ಯೂಟರುಗಳ ತಂತ್ರಾಂಶ ಮಾತ್ರ ಬದಲಾಗಬೇಕು. ಮೊದಲ ದಿನ ಸಂಜೆಯವರೆಗೆ ಒಂದೂ ದೂರು ಬರದಿದ್ದರೆ ಮಹಡಿ ಮೇಲಿನ ಕಿಟಕಿ ಪಕ್ಕದ ಕುರ್ಚಿ ಅವನದು.

ವೈರಣ್ಣ ಎರಡು ರಜೆ ಕೂತು ಕೆಲಸ ಮುಗಿಸಿದ. ಪರದೆಯ ಮೇಲಿನ ಚಿತ್ರ, ಗುರುತುಗಳು, ಟೈಪಿಸ್ಟ್ ಅಕ್ಕನ ಮೊಮ್ಮಗಳ ಫೋಟೊ, ಎಲ್ಲವೂ ಇದ್ದಲ್ಲೇ ಇದ್ದವು. ಕುರ್ಚಿ ಸಿಕ್ಕೇ ಸಿಗುತ್ತದೆಂದು ಸ್ವೆಟರನ್ನು ಮಡಚಿ ಚೀಲಕ್ಕೂ ಹಾಕಿಕೊಂಡ.

ಹತ್ತು ಗಂಟೆಗೆ ಟೈಪಿಸ್ಟ್ ಅಕ್ಕ ಚೀಟಿ ಓದಿದಳು. ಹತ್ತೂ ಐದಕ್ಕೆ ಕೂಗಿದಳು. "ವೈರಣ್ಣಾ, ಇದೇನೋ ಇದು? ಕೀಲಿಗಳೆಲ್ಲ ಕಲ್ಲಿನ ಹಾಗಿವೆ! ಕತ್ತು ಹಿಡ್ಕೊಂಡ್ತು!"

"ಅಕ್ಕಾ, ಕೀಬೋರ್ಡ್ ನಿಮ್ಮ ಹಳೇದೇ."

"ಹಾಗಾದ್ರೆ ನಾನು ಸುಳ್ಳು ಹೇಳ್ತಿದೀನಾ?"

ಅಷ್ಟರಲ್ಲಿ ರೆಕಾರ್ಡು ಗುಮಾಸ್ತ ಎದ್ದು ನಿಂತ. "ನನ್ನ ಕಡತ ತೆರೆಯೋಕೆ ಎಷ್ಟು ಹೊತ್ತು ಮಾರಾಯಾ! ಮೊದಲು ಹೀಗಿರ್ಲಿಲ್ಲ."

ಮೊದಲೂ ಅಷ್ಟೇ ಹೊತ್ತು ಹಿಡಿಯುತ್ತಿತ್ತು. ಆಗ ಅವನು ನಿದ್ದೆ ಮಾಡುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಒಬ್ಬರಿಗೆ ಕಣ್ಣುರಿ, ಇನ್ನೊಬ್ಬರಿಗೆ ಎದೆಯುರಿ. ದೂರಿನ ಅರ್ಜಿ ತಯಾರಾಗಿ ಸಹಿಗೆ ಸುತ್ತತೊಡಗಿತು. ವೈರಣ್ಣ ಓಡೋಡಿ ಬಂದ.

"ಆಯ್ತು, ಹಳೇದನ್ನೇ ಹಾಕ್ತೀನಿ. ಎಲ್ರೂ ಊಟಕ್ಕೆ ಹೋಗಿ" ಎಂದ.

ಅವರು ಬರುವಷ್ಟರಲ್ಲಿ ಅವನು ಮಾಡಿದ್ದು ಒಂದೇ ಕೆಲಸ: ಬಾಗಿಲ ಚೀಟಿ ಕಿತ್ತದ್ದು.

"ಅಬ್ಬಾ! ಬೆಣ್ಣೆ ಹಾಗಿದೆ ನೋಡು" ಎಂದಳು ಟೈಪಿಸ್ಟ್ ಅಕ್ಕ. ಗುಮಾಸ್ತ ಕಡತ ತೆರೆಯಲು ಒತ್ತಿ, ನೆಮ್ಮದಿಯಾಗಿ ನಿದ್ದೆ ಹೋದ. ಅರ್ಜಿ ಬುಟ್ಟಿ ಸೇರಿತು.

ಐದಕ್ಕೆ ಸಾಹೇಬರು ಹೊರಗೆ ಬಂದರು. "ಏನಾದ್ರೂ ದೂರು?"

"ಏನೂ ಇಲ್ಲ ಸರ್. ಮಧ್ಯಾಹ್ನಾನೇ ಹೊಸದನ್ನ ತೆಗೆಸಿ ಹಳೇದು ಹಾಕಿಸ್ಕೊಂಡ್ವಿ" ಎಂದು ಎಲ್ಲರೂ ಒಕ್ಕೊರಲಿನಿಂದ ಹೇಳಿದರು.

ವೈರಣ್ಣನಿಗೆ ತಡೆಯಲಾಗಲಿಲ್ಲ. "ಸರ್, ನಾನು ಏನೂ ತೆಗೆದಿಲ್ಲ! ಈಗಲೂ ಇರೋದು ಹೊಸದೇ!"

ಟೈಪಿಸ್ಟ್ ಅಕ್ಕನ ಕೈ ಕತ್ತಿಗೆ ಹೋಯಿತು. "ಅದಕ್ಕೇ! ಈಗಷ್ಟೇ ಮತ್ತೆ ಹಿಡ್ಕೊಂಡ್ತು!"

"ನನಗೂ ಬೆಳಿಗ್ಗೆಯಿಂದ ತಲೆ ಸಿಡೀತಿದೆ, ಆ ಹೊಸದರ ಮುಂದೆ ಕೂತು ಕೂತು" ಎಂದರು ಸಾಹೇಬರು. "ಮೊದಲು ನಂದು ಬದಲಾಯಿಸು. ಆಮೇಲೆ ಎಲ್ಲರದ್ದೂ."

ರಜೆಯ ಎರಡು ದಿನವೂ ಸಾಹೇಬರ ಕೋಣೆಗೆ ಬೀಗವಿತ್ತು. ಆ ಒಂದು ಕಂಪ್ಯೂಟರನ್ನು ವೈರಣ್ಣ ಮುಟ್ಟಿಯೇ ಇರಲಿಲ್ಲ.

ಹೇಳಲು ಬಾಯಿ ತೆರೆದ. ಸಾಹೇಬರ ಮುಖ ನೋಡಿ ಮುಚ್ಚಿಕೊಂಡ. ಅವರ ಕಂಪ್ಯೂಟರಿನ ಮುಂದೆ ಕೂತು ಅರ್ಧ ಗಂಟೆ ಸುಮ್ಮನೆ ಟಕಟಕ ಕುಟ್ಟಿ ಎದ್ದ. "ಹಳೇದು ಹಾಕಿದೀನಿ ಸರ್."

ಸಾಹೇಬರು ಮೌಸನ್ನು ಒಮ್ಮೆ ಆಡಿಸಿದರು. ಮುಖ ಅರಳಿತು. "ಆಹಾ, ಎಷ್ಟು ಹಗುರ! ತಲೆನೋವೇ ಇಳೀತು! ಇಂಥ ಕೈಗುಣ ಇರೋನನ್ನ ಸರ್ವರ್ ಕೋಣೆಯಿಂದ ಬಿಡೋಕಾಗತ್ತೇನಯ್ಯಾ?"

ವೈರಣ್ಣ ಸರ್ವರ್ ಕೋಣೆಗೆ ಹೋಗಿ, ಚೀಲದಿಂದ ಸ್ವೆಟರ್ ತೆಗೆದು ಹಾಕಿಕೊಂಡ.